ಬೂದಿಯಡಿಯ ತೋಟ: ನೇಪಲ್ಸ್ ಕೊಲ್ಲಿಯ ಕಡಲತೀರದ ಮಹಲುಗಳು

ಭೂಪಟವನ್ನು ತೆರೆದು ಇಟಲಿಯ ಪಶ್ಚಿಮ ಕರಾವಳಿಯನ್ನೊಮ್ಮೆ ನೋಡಿ. ರೋಮ್ ನಗರದಿಂದ ದಕ್ಷಿಣಕ್ಕೆ ಬೆರಳು ಸರಿಸಿದರೆ ಮೆಡಿಟರೇನಿಯನ್ ಸಮುದ್ರದ ದಡದಲ್ಲಿ ಬಾಗಿ ಒಳಸರಿದ ನೇಪಲ್ಸ್ ಕೊಲ್ಲಿ ಕಾಣುತ್ತದೆ. ಅದರ ಅಂಚಿನಲ್ಲೇ ವೆಸೂವಿಯಸ್ ಜ್ವಾಲಾಮುಖಿಯಿದೆ. ಎರಡು ಸಾವಿರ ವರ್ಷಗಳ ಹಿಂದೆ ಈ ತೀರದಲ್ಲೊಂದು ಮನೆಯಿದೆ ಎಂದರೆ ರೋಮನ್ ಶ್ರೀಮಂತನಿಗೆ ಅದೇ ದೊಡ್ಡ ಪ್ರತಿಷ್ಠೆ. ರಾಜಧಾನಿಯ ರಾಜಕೀಯದಿಂದ ದೂರವಾಗಿ ಓದು, ಔತಣ, ಮಾತುಕತೆಗಳಲ್ಲಿ ಕಾಲ ಕಳೆಯಲು ಅವರು ಇಲ್ಲಿಗೆ ಬರುತ್ತಿದ್ದರು. ಈ ವಿರಾಮದ ಬದುಕನ್ನು ಲ್ಯಾಟಿನ್ ಭಾಷೆಯಲ್ಲಿ ‘ಓಟಿಯಂ’ ಎನ್ನುತ್ತಿದ್ದರು.

ಈ ತೀರಕ್ಕೆ ಅಷ್ಟೊಂದು ಬೇಡಿಕೆ ಏಕೆ? ಒಂದು ಕಾರಣ ಇಲ್ಲಿನ ನೆಲದಲ್ಲೇ ಇದೆ. ಜ್ವಾಲಾಮುಖಿಯ ಬೂದಿ ಕಾಲಾಂತರದಲ್ಲಿ ಫಲವತ್ತಾದ ಮಣ್ಣಾಗುತ್ತದೆ. ಅದೇ ಬೂದಿಯನ್ನು ಸುಣ್ಣದೊಡನೆ ಕಲಸಿದರೆ ನೀರಿನೊಳಗೂ ಗಟ್ಟಿಯಾಗುವ ಗಾರೆ ಸಿದ್ಧವಾಗುತ್ತದೆ. ಈ ಕೊಲ್ಲಿಯ ಬಾಯಿಯೇ ಪಟ್ಟಣದ ಸುತ್ತ ಸಿಗುವ ಇಂಥ ಪುಡಿಯ ಗುಣವನ್ನು ವಾಸ್ತುಶಿಲ್ಪಿ ವಿಟ್ರೂವಿಯಸ್ ತನ್ನ ಗ್ರಂಥದಲ್ಲಿ ವಿವರಿಸಿದ್ದಾನೆ. ಈ ಗಾರೆಯ ಬಲದಿಂದ ಸಮುದ್ರದೊಳಕ್ಕೇ ಕಟ್ಟೆ ಕಟ್ಟಿ ಮೀನಿನ ಕೊಳಗಳನ್ನೂ ಜಗಲಿಗಳನ್ನೂ ನಿರ್ಮಿಸುವುದು ಸಾಧ್ಯವಾಯಿತು. ಅಗಸ್ಟಸ್ ಚಕ್ರವರ್ತಿಯ ಕಾಲದಲ್ಲಿ ಬೆಟ್ಟದ ಚಿಲುಮೆಗಳಿಂದ ಈ ಕೊಲ್ಲಿಯ ಊರುಗಳಿಗೆ ಸುಮಾರು 100 ಕಿಲೋಮೀಟರ್ ಉದ್ದದ ಕಾಲುವೆಯಲ್ಲಿ ನೀರು ಹರಿದು ಬಂತು.

ಇಂಥ ಮಹಲುಗಳಲ್ಲಿ ಒಂದನ್ನು ಹತ್ತಿರದಿಂದ ನೋಡೋಣ. ಪಾಂಪೆಯಿಗೆ ಸಮೀಪದ ಒಪ್ಲಾಂಟಿಸ್ ಎಂಬಲ್ಲಿ ಕ್ರಿ.ಪೂ. ಒಂದನೆಯ ಶತಮಾನದಲ್ಲಿ ಕಟ್ಟಲಾರಂಭಿಸಿದ ಮನೆಯಿದು. ನೀರೋ ಚಕ್ರವರ್ತಿಯ ಪತ್ನಿ ಪೊಪ್ಪೇಯಳಿಗೆ ಸೇರಿದ್ದಿರಬಹುದೆಂದು ಹಲವು ವಿದ್ವಾಂಸರ ಊಹೆ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಸಿಡಿದಾಗ ಬೂದಿಯಲ್ಲಿ ಹುಗಿದುಹೋದ ಈ ಮನೆಯ ವ್ಯವಸ್ಥಿತ ಉತ್ಖನನ 1964ರಲ್ಲಿ ಆರಂಭವಾಯಿತು. ಇಲ್ಲಿಯ ಈಜುಕೊಳದ ಉದ್ದವೇ 61 ಮೀಟರ್. ಇಂದಿನ ಒಲಿಂಪಿಕ್ ಕೊಳ 50 ಮೀಟರ್ ಮಾತ್ರ. ಕೊಳದ ಪಕ್ಕದಲ್ಲಿ ಅಮೃತಶಿಲೆಯ ಪ್ರತಿಮೆಗಳು, ಅವುಗಳ ಹಿಂದೆ ಸಾಲುಮರಗಳು. ಒಳಾಂಗಣದ ಗೋಡೆಗಳ ಮೇಲೆ ಚಿತ್ರಿಸಿದ ತೋಟ, ಕಿಟಕಿಯಾಚೆಗೆ ನಿಜವಾದ ತೋಟ.

ಗಿಡಮರಗಳು ಕೊಳೆತು ಮಣ್ಣಾಗಿ ಶತಮಾನಗಳೇ ಕಳೆದಿವೆ. ಹಾಗಾದರೆ ಯಾವ ಗಿಡ ಎಲ್ಲಿತ್ತೆಂದು ತಿಳಿದದ್ದು ಹೇಗೆ? ವಿಜ್ಞಾನದ ವಿದ್ಯಾರ್ಥಿಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ಬೇರು ಕೊಳೆತಾಗ ಮಣ್ಣಿನಲ್ಲಿ ಅದೇ ಆಕಾರದ ಪೊಳ್ಳು ಉಳಿಯುತ್ತದೆ. ಅದರೊಳಗೆ ಜ್ವಾಲಾಮುಖಿಯ ಹಗುರವಾದ ಕಲ್ಲುಚೂರುಗಳು ಸೇರಿಕೊಳ್ಳುತ್ತವೆ. ಅಮೆರಿಕದ ಇತಿಹಾಸಕಾರ್ತಿ ವಿಲ್ಹೆಲ್ಮಿನಾ ಯಾಶೆಮ್ಸ್ಕಿ ಮತ್ತು ಅವರ ತಂಡದವರು ಆ ಚೂರುಗಳನ್ನು ತೆಗೆದು, ಪೊಳ್ಳಿಗೆ ಸಿಮೆಂಟ್ ಸುರಿದು, ಅದು ಗಟ್ಟಿಯಾದ ಮೇಲೆ ಸುತ್ತಲಿನ ಮಣ್ಣನ್ನು ಬಿಡಿಸಿದರು. ಬೇರಿನ ಅಚ್ಚು ಕೈಗೆ ಬಂತು! ಬೇರಿನ ಗಾತ್ರ, ಆಕಾರ ಮತ್ತು ಗಿಡಗಳ ನಡುವಣ ಅಂತರದಿಂದ ತೋಟದ ವಿನ್ಯಾಸ ಮತ್ತೆ ಕಣ್ಣಿಗೆ ಕಟ್ಟಿತು.

ಆದರೆ ಈ ತೋಟಕ್ಕೆ ನೀರುಣಿಸಿದವರು ಯಾರು? ಗುಲಾಮರು. ಅವರ ಹೆಸರುಗಳನ್ನು ಯಾರೂ ಬರೆದಿಡಲಿಲ್ಲವಾದರೂ ಅವರು ಓಡಾಡಿದ ಜಾಗಗಳನ್ನು ಈ ಮನೆಯಲ್ಲಿ ಗುರುತಿಸಬಹುದು. ಒಡೆಯರ ಕೋಣೆಗಳಲ್ಲಿ ಬಣ್ಣಬಣ್ಣದ ಚಿತ್ರಗಳಿದ್ದರೆ, ಸೇವಕರು ಓಡಾಡುವ ಭಾಗದ ಗೋಡೆಗಳಲ್ಲಿ ಬರಿಯ ಕಪ್ಪುಬಿಳುಪು ಪಟ್ಟೆಗಳಿವೆ.

ಸಾಮ್ರಾಜ್ಯದ ನಾನಾ ಪ್ರಾಂತಗಳ ಜಮೀನಿನ ಆದಾಯ, ತೆರಿಗೆ, ವ್ಯಾಪಾರ ಎಲ್ಲವೂ ಇಂಥ ಸಿರಿವಂತಿಕೆಗೆ ಆಧಾರವಾಗಿದ್ದವು. ಆ ವ್ಯಾಪಾರದ ಒಂದು ಎಳೆ ನಮ್ಮ ನಾಡಿಗೂ ಚಾಚಿತ್ತು. ಭಾರತದ ಸರಕುಗಳಿಗಾಗಿ ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ನಾಣ್ಯ ಹರಿದುಹೋಗುತ್ತಿದೆ ಎಂದು ಹಿರಿಯ ಪ್ಲಿನಿ ಗೊಣಗಿದ್ದಾನೆ. ಮೆಣಸಿನ ಬಗೆಗೂ ಅವನಿಗೆ ಅಸಮಾಧಾನವಿತ್ತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ದೊರೆತ ರೋಮನ್ ನಾಣ್ಯಗಳು ಆ ಕಾಲದ ಸಂಪರ್ಕಕ್ಕೆ ಸಾಕ್ಷಿ. ಈ ಪ್ಲಿನಿ ಆಗ ನೇಪಲ್ಸ್ ಕೊಲ್ಲಿಯ ನೌಕಾಪಡೆಯ ಮುಖ್ಯಸ್ಥ. 79ರ ಸ್ಫೋಟದಲ್ಲಿ ಜನರನ್ನು ಪಾರುಮಾಡಲು ಹಡಗು ಹೊರಡಿಸಿದ ಅವನು ಅದೇ ತೀರದ ಸ್ಟಾಬಿಯೆಯಲ್ಲಿ ಪ್ರಾಣಬಿಟ್ಟ.

ಒಪ್ಲಾಂಟಿಸ್‌ನ ಮಹಲಿನಲ್ಲಿ ಅಂದು ಏನಾಯಿತು? ಉತ್ಖನನಕಾರರಿಗೆ ಅಲ್ಲಿ ಮನುಷ್ಯರ ಅಸ್ಥಿಪಂಜರಗಳು ಸಿಗಲಿಲ್ಲ. ದುರಸ್ತಿಗೆಂದು ಕಂಬಗಳನ್ನು ಕಳಚಿಟ್ಟಿದ್ದ ಆ ಮನೆಯಲ್ಲಿ ಒಡೆಯರು ಇರಲಿಲ್ಲವೆಂದೇ ತೋರುತ್ತದೆ. ಅಲ್ಲಿಂದ ಕೆಲವೇ ನೂರು ಮೀಟರ್ ದೂರದಲ್ಲಿ ಇನ್ನೊಂದು ಕಟ್ಟಡವಿದೆ. ಅದು ದ್ರಾಕ್ಷಾರಸದ ಜಾಡಿಗಳನ್ನೂ ದಾಳಿಂಬೆಯನ್ನೂ ದಾಸ್ತಾನಿಟ್ಟಿದ್ದ ವ್ಯಾಪಾರದ ಮಳಿಗೆ. ಕಡಲಿಗೆ ಮುಖಮಾಡಿದ ಅದರ ಒಂದು ಕೋಣೆಯಲ್ಲಿ 54 ಜನರ ಅಸ್ಥಿಪಂಜರಗಳು ಸಿಕ್ಕಿವೆ. ದೋಣಿ ಬಂದೀತೆಂದು ಅವರು ಕಾದಿದ್ದಿರಬೇಕು. ಕೆಲವರ ಬಳಿ ಚಿನ್ನದ ಒಡವೆ, ನಾಣ್ಯಗಳಿದ್ದವು. ಮಿಕ್ಕವರ ಬಳಿ ಏನೂ ಇರಲಿಲ್ಲ. ಎಲ್ಲರದೂ ಒಂದೇ ಗತಿಯಾಯಿತು.

ಪಾಂಪೆಯಿ ಮತ್ತು ಹರ್ಕ್ಯುಲೇನಿಯಂ ಜೊತೆಗೆ ಒಪ್ಲಾಂಟಿಸ್‌ನ ಮಹಲನ್ನೂ ಯುನೆಸ್ಕೋ 1997ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ವೆಸೂವಿಯಸ್ ಕೊನೆಯ ಸಲ ಸಿಡಿದದ್ದು 1944ರಲ್ಲಿ. ಅದರ ಬುಡದಲ್ಲಿ ಇಂದಿಗೂ ಲಕ್ಷಾಂತರ ಜನ ಬಾಳುತ್ತಿದ್ದಾರೆ. ಫಲವತ್ತಾದ ಆ ಮಣ್ಣನ್ನು ಬಿಟ್ಟುಹೋಗುವುದು ಯಾರಿಗೂ ಸುಲಭವಲ್ಲ.

ತೆರೆಯ ಮೇಲೆ ಇಂಥ ಮಹಲನ್ನು ತೋರಿಸುವಾಗ ಕ್ಯಾಮೆರಾ ಸಹಜವಾಗಿ ಕೊಳದ ಮೇಲೆ, ಚಿತ್ರಗಳ ಮೇಲೆ ನಿಲ್ಲುತ್ತದೆ. ನೀವು ನೋಡುವಾಗ ಆ ಪಟ್ಟೆಗೋಡೆಯ ದಾರಿಯನ್ನೂ ಹುಡುಕಿ. ಯಾವ ಅರಮನೆಗೆ, ಯಾವ ಉದ್ಯಾನಕ್ಕೆ ಹೋದರೂ ನೀರು ಎಲ್ಲಿಂದ ಬಂತು, ಹೊತ್ತು ತಂದವರು ಯಾರು, ಆಪತ್ತು ಬಂದ ದಿನ ಅವರು ಎಲ್ಲಿದ್ದರು ಎಂದು ಕೇಳಿ. ಬೇರಿನ ಪೊಳ್ಳಿನಿಂದ ಒಂದು ಮರವನ್ನೇ ಕಂಡುಕೊಂಡಂತೆ, ಇತಿಹಾಸ ಬರೆದಿಡದ ಜನರನ್ನೂ ಹೀಗೆ ಹುಡುಕಿದರೆ ಕಾಣಬಹುದು.