ಮದ್ಯಪಾನ ಮತ್ತು ಯಕೃತ್ತಿನ ಕಾಯಿಲೆ: ಅರಿವು, ಚಿಕಿತ್ಸೆ

ಅಳ್ನಾವರ: ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧ ಜಾರಿಗೆ ಬಂದಿತು. ಪಾಕೀಟು ಮರೆಯಾದರೂ ಕುಡಿತ ನಿಲ್ಲಲಿಲ್ಲ. ಸಾರಾಯಿಯಾಗಲಿ, ವಿಸ್ಕಿಯಾಗಲಿ ಯಕೃತ್ತಿಗೆ ಭೇದವಿಲ್ಲ. ದೇಹಕ್ಕೆ ಸೇರಿದ ಆಲ್ಕೋಹಾಲಿನ ಪ್ರಮಾಣವೇ ಮುಖ್ಯ. 180 ಮಿ.ಲೀ. ವಿಸ್ಕಿಯಲ್ಲಿ ಸುಮಾರು 60 ಗ್ರಾಂ, ಶೇ 8ರ ಪ್ರಮಾಣದ 650 ಮಿ.ಲೀ. ಸ್ಟ್ರಾಂಗ್ ಬಿಯರಿನಲ್ಲಿ ಸುಮಾರು 40 ಗ್ರಾಂ ಆಲ್ಕೋಹಾಲ್ ಇರುತ್ತದೆ.

ಮೂರು ಹಂತಗಳು

ಮೊದಲು ಯಕೃತ್ತಿನಲ್ಲಿ ಕೊಬ್ಬು ಶೇಖರವಾಗುತ್ತದೆ. ಈ ಹಂತದಲ್ಲಿ ಸಾಮಾನ್ಯವಾಗಿ ನೋವಾಗಲಿ ಬೇರೆ ಲಕ್ಷಣವಾಗಲಿ ಇರುವುದಿಲ್ಲ. ಕುಡಿತ ಬಿಟ್ಟರೆ ಕೆಲವು ವಾರಗಳಲ್ಲೇ ಯಕೃತ್ತು ಚೇತರಿಸಿಕೊಳ್ಳಬಲ್ಲದು. ಎರಡನೆಯದು ಉರಿಯೂತ: ಕಾಮಾಲೆ, ಜ್ವರ, ಹಸಿವಿಲ್ಲದಿರುವುದು. ಮೂರನೆಯದು ಸಿರೋಸಿಸ್. ಇದರಲ್ಲಿ ಯಕೃತ್ತು ಗಾಯದ ಕಲೆಗಳಿಂದ ಗಡುಸಾಗುತ್ತದೆ. ಹೊಟ್ಟೆಯಲ್ಲಿ ನೀರು ತುಂಬುವುದು, ರಕ್ತವಾಂತಿ, ಬುದ್ಧಿಭ್ರಮಣೆ ಕಾಣಿಸಿಕೊಳ್ಳುತ್ತವೆ. ರಕ್ತಪರೀಕ್ಷೆ ಹಾಗೂ ಸ್ಕ್ಯಾನಿಂಗ್‌ನಿಂದ ರೋಗದ ಮಟ್ಟ ತಿಳಿಯುತ್ತದೆ.

ಕುಡಿತ ಬಿಡುವುದೇ ಮೊದಲ ಚಿಕಿತ್ಸೆ

ಯಾವ ಹಂತದಲ್ಲೇ ಆಗಲಿ, ಸಂಪೂರ್ಣ ಮದ್ಯತ್ಯಾಗಕ್ಕೆ ಸಮನಾದ ಔಷಧಿಯಿಲ್ಲ. ಆದರೆ ನಿತ್ಯ ಹೆಚ್ಚು ಕುಡಿಯುವವರು ಮನೆಯಲ್ಲೇ ಒಮ್ಮೆಲೇ ಬಿಡುವುದು ಅಪಾಯಕರ. ಮೊದಲ ಎರಡು-ಮೂರು ದಿನಗಳಲ್ಲಿ ಕೈನಡುಕ, ಫಿಟ್ಸ್, ಭ್ರಮೆ ಉಂಟಾಗಿ ಪ್ರಾಣಕ್ಕೇ ಕುತ್ತು ಬರಬಹುದು. ಆದ್ದರಿಂದ ವೈದ್ಯರ ನಿಗಾದಲ್ಲಿ, ಥಯಾಮಿನ್ ಜೀವಸತ್ವ ಹಾಗೂ ಅಗತ್ಯ ಔಷಧಿಗಳೊಂದಿಗೆ ಬಿಡಿಸಬೇಕು. ಅಳ್ನಾವರ ಭಾಗದವರಿಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರದಲ್ಲಿದೆ. ಅಲ್ಲಿ ವ್ಯಸನಕ್ಕೆ ಚಿಕಿತ್ಸೆ ದೊರೆಯುತ್ತದೆ. ವ್ಯಸನಮುಕ್ತಿಗಾಗಿ ರಾಷ್ಟ್ರೀಯ ಉಚಿತ ಸಹಾಯವಾಣಿ 14446 ಇದೆ.

ಪಥ್ಯದ ತಪ್ಪು ಕಲ್ಪನೆ

ಕಾಮಾಲೆಯಾದೊಡನೆ ನಾಟಿ ಔಷಧಿ ಕೊಡಿಸಿ, ಬರೀ ಅನ್ನ-ಮಜ್ಜಿಗೆಯ ಮೇಲೆ ಇಡುವ ರೂಢಿ ಹಲವೆಡೆ ಇದೆ. ಇದರಿಂದ ಅಮೂಲ್ಯ ಸಮಯ ವ್ಯರ್ಥವಾಗುವುದಲ್ಲದೆ, ಮೊದಲೇ ಬಳಲಿದ ರೋಗಿ ಇನ್ನಷ್ಟು ಕೃಶನಾಗುತ್ತಾನೆ. ಈ ರೋಗಿಗೆ ಸಾಮಾನ್ಯವಾಗಿ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. ಬೇಳೆ, ಕಾಳುಪಲ್ಯ, ಹಾಲು, ಮೊಟ್ಟೆ ಕೊಡಬೇಕು. ಮಲಗುವ ಮುನ್ನ ಲಘು ಆಹಾರವೂ ಹಿತಕರ. ಹೊಟ್ಟೆಯಲ್ಲಿ ನೀರು ತುಂಬಿದ್ದರೆ ಉಪ್ಪು ಕಡಿಮೆ ಮಾಡಬೇಕು.

ಉರಿಯೂತ ತೀವ್ರವಾದಾಗ, ಸೋಂಕಿಲ್ಲವೆಂದು ಖಚಿತಪಡಿಸಿಕೊಂಡು, ಆಯ್ದ ರೋಗಿಗಳಿಗೆ ಸ್ಟೀರಾಯ್ಡ್ ಕೊಡುತ್ತಾರೆ. ರಕ್ತವಾಂತಿಯಾದರೆ ಎಂಡೋಸ್ಕೋಪಿ ಮೂಲಕ ರಕ್ತನಾಳಗಳಿಗೆ ಬ್ಯಾಂಡ್ ಹಾಕುತ್ತಾರೆ. ಕೊನೆಯ ಹಂತದಲ್ಲಿ ಯಕೃತ್ತಿನ ಕಸಿಯೇ ದಾರಿ. ಮರಣೋತ್ತರ ಅಂಗದಾನಕ್ಕೆ ರಾಜ್ಯದಲ್ಲಿ ‘ಜೀವಸಾರ್ಥಕತೆ’ ವ್ಯವಸ್ಥೆಯಿದೆ.

ರಕ್ತವಾಂತಿ, ಕಪ್ಪು ಮಲ, ತೊದಲು ಮಾತು, ಅತಿಯಾದ ಮಂಪರು ಕಂಡರೆ ಒಂದು ದಿನವೂ ಕಾಯದೆ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್)‌ನಂತಹ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು. 108 ಆಂಬುಲೆನ್ಸ್ ಇರುವುದು ಇದಕ್ಕಾಗಿಯೇ.