ಸೇವಾವಧಿಯ ಲೆಕ್ಕ ಯಾರ ಬಳಿ? ಜೋಗೇಶ್ವರಿ–ಸೀಪ್ಜ್ ಪರಿಸರದ ಐಟಿ ಗುತ್ತಿಗೆ ದುಡಿಮೆಯನ್ನು ಕುರಿತು

ಜೋಗೇಶ್ವರಿ–ವಿಕ್ರೋಲಿ ಲಿಂಕ್ ರಸ್ತೆಯ ದಕ್ಷಿಣಕ್ಕೆ, ಅಂಧೇರಿ ಪೂರ್ವದಲ್ಲಿ, 1973ರಲ್ಲಿ ಸ್ಥಾಪನೆಯಾದ ಸಾಂತಾಕ್ರೂಜ್ ಇಲೆಕ್ಟ್ರಾನಿಕ್ಸ್ ರಫ್ತು ವಲಯವಿದೆ. ಎಲ್ಲರ ಬಾಯಲ್ಲಿ ಅದು ಸೀಪ್ಜ್. ಸಾಫ್ಟ್‌ವೇರ್ ಉದ್ಯಮದ ಚರಿತ್ರೆಯನ್ನು ಬೆಂಗಳೂರಿನಿಂದ ಆರಂಭಿಸುವುದು ಕನ್ನಡಿಗರಾದ ನಮ್ಮ ರೂಢಿ. ಆದರೆ ಟಾಟಾ ಕನ್ಸಲ್ಟೆನ್ಸಿ 1968ರಲ್ಲಿ ಹುಟ್ಟಿದ್ದು ಮುಂಬಯಿಯಲ್ಲಿ. ಟಾಟಾ ಬರೋಸ್ ನೆಲೆಯೂರಿದ್ದು ಸೀಪ್ಜ್‌ನಲ್ಲಿ. ಇನ್ಫೋಸಿಸ್ ಕಟ್ಟುವ ಮೊದಲು ನಾರಾಯಣ ಮೂರ್ತಿ, ನಂದನ್ ನಿಲೇಕಣಿ ಇಬ್ಬರೂ ಇದ್ದದ್ದು ಪಟ್ನಿ ಕಂಪ್ಯೂಟರ್ಸ್‌ನಲ್ಲಿ. ಆ ಕಾಲದ ವ್ಯವಹಾರದ ತಿರುಳು ಪ್ರೋಗ್ರಾಮರುಗಳನ್ನು ವಿದೇಶಿ ಗ್ರಾಹಕರ ಕಚೇರಿಗೆ ಕಳಿಸುವುದು. ಕೂರುವ ಕುರ್ಚಿ ಒಬ್ಬರದು, ಸಂಬಳ ಕೊಡುವವರು ಇನ್ನೊಬ್ಬರು ಎಂಬ ಏರ್ಪಾಟು ಹೀಗೆ ಉದ್ಯಮದ ಹುಟ್ಟಿನಲ್ಲೇ ಇತ್ತು. ಇಂದಿನ ಥರ್ಡ್ ಪಾರ್ಟಿ ಪೇರೋಲ್ ಅದರ ದೇಶೀ ರೂಪ.

ಕಾಯಂ ಮೇಲೋ ಗುತ್ತಿಗೆ ಮೇಲೋ ಎಂಬ ಚರ್ಚೆ ಸಾಮಾನ್ಯವಾಗಿ ಸಂಬಳದ ಹೋಲಿಕೆಯಲ್ಲೇ ಮುಗಿಯುತ್ತದೆ. ಇದು ತಪ್ಪು ಅಳತೆ. ಐಟಿಯ ‘ಪರ್ಮನೆಂಟ್’ ನೌಕರ ಗಿರಣಿಯ ಕಾಯಂ ಕಾರ್ಮಿಕನಲ್ಲ. ನೋಟಿಸ್ ಪೀರಿಯಡ್ಡಿನಷ್ಟೇ ಅವನ ಕಾಯಂತನ. ಇನ್ನೊಂದು ತುದಿಯಲ್ಲಿ, ಸ್ವತಂತ್ರ ಕನ್ಸಲ್ಟೆಂಟ್ ಆಗಿ ಬಿಲ್ ಮಾಡುವವನಿಗೆ ಆದಾಯ ತೆರಿಗೆಯ 44ಎಡಿಎ ಕಲಮಿನಡಿ ವರಮಾನದ ಅರ್ಧವನ್ನಷ್ಟೇ ಲಾಭವೆಂದು ತೋರಿಸುವ ಅನುಕೂಲವಿತ್ತು. ಕೈಗೆ ಬರುವ ಹಣದಲ್ಲಿ ಅವನೇ ಮುಂದಿರಬಹುದು. ನಿಜವಾದ ವ್ಯತ್ಯಾಸ ಇರುವುದು ದುಡಿದ ವರ್ಷಗಳು ಕೂಡುತ್ತಾ ಹೋಗುತ್ತವೆಯೇ, ಇಲ್ಲ ಪ್ರತಿ ಸಲವೂ ಸೊನ್ನೆಯಿಂದ ಶುರುವಾಗುತ್ತವೆಯೇ ಎಂಬುದರಲ್ಲಿ.

ಮುಂಬಯಿಗೆ ಈ ಪ್ರಶ್ನೆ ಹೊಸದಲ್ಲ. ಹತ್ತಿ ಗಿರಣಿಗಳ ಗಿರಣಗಾಂವದಲ್ಲಿ ಗೈರುಹಾಜರಾದವರ ಜಾಗಕ್ಕೆ ಬದಲಿ ಕಾರ್ಮಿಕರನ್ನು ಗೇಟಿನಲ್ಲೇ ಆರಿಸುತ್ತಿದ್ದರು, ಆರಿಸುವವನು ಜಾಬರ್. 1935ರಲ್ಲಿ ಗಿರಣಿ ಮಾಲೀಕರು ಬದಲಿ ನಿಯಂತ್ರಣ ಯೋಜನೆ ತಂದು ಕಾರ್ಡು ಕೊಟ್ಟರು. ಕಾರ್ಡು ಇದ್ದವನಿಗೆ ಕೆಲಸದಲ್ಲಿ ಆದ್ಯತೆ. ಬದಲಿಯವನು ಕಾಯಂ ಆಗಲಿಲ್ಲ, ನಿಜ. ಆದರೆ ಅವನ ಹೆಸರು ಒಂದು ಪಟ್ಟಿಯಲ್ಲಿ ಉಳಿಯಿತು. ಸೀಪ್ಜ್‌ನ ಪೇರೋಲ್ ನೌಕರನಿಗೆ ಅಂಥ ಪಟ್ಟಿಯೂ ಇಲ್ಲ. ಸಂಬಳ ಕೊಡುವ ವೆಂಡರ್ ಬದಲಾದರೆ ಅದೇ ಮೇಜಿನಲ್ಲಿ, ಅದೇ ಕೋಡ್ ಮುಂದೆ, ಅವನು ಹೊಸಬ.

ಕಾನೂನಿನ ದಾರಿ ಕೂಡ ಕಿರಿದಾಗುತ್ತಾ ಬಂದಿದೆ. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಡಿ ಗುತ್ತಿಗೆ ನಿಷೇಧವಾದರೆ ಕಾರ್ಮಿಕರು ತಾವಾಗಿಯೇ ಮೂಲ ಮಾಲೀಕನ ನೌಕರರಾಗುತ್ತಾರೆ ಎಂದು 1996ರ ಏರ್ ಇಂಡಿಯಾ ತೀರ್ಪು ಹೇಳಿತ್ತು. 2001ರಲ್ಲಿ ಉಕ್ಕು ಪ್ರಾಧಿಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. 2006ರ ಉಮಾದೇವಿ ಪ್ರಕರಣ ಹೋದದ್ದು ಕರ್ನಾಟಕದಿಂದಲೇ, ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿ ನೌಕರರದು: ದೀರ್ಘಕಾಲ ದುಡಿದ ಮಾತ್ರಕ್ಕೆ ಕಾಯಮಾತಿಯ ಹಕ್ಕು ಹುಟ್ಟದು ಎಂಬುದು ಅದರ ಸಾರ. ಅದು ಸರ್ಕಾರಿ ನೌಕರಿಗೆ ಸಂಬಂಧಿಸಿದ್ದು. ಆದರೂ ‘ಹತ್ತು ವರ್ಷ ಇಲ್ಲೇ ದುಡಿದೆ’ ಎಂಬ ವಾದದ ನೈತಿಕ ತೂಕ ಅಲ್ಲಿಂದೀಚೆ ಇಳಿಯಿತು ಎಂದೇ ನನ್ನ ಎಣಿಕೆ.

ಗ್ರಾಚ್ಯುಯಿಟಿಯ ಉದಾಹರಣೆ ನೋಡಿ. 1972ರ ಕಾಯ್ದೆಯಂತೆ ಐದು ವರ್ಷದ ಅಖಂಡ ಸೇವೆ ಬೇಕಿತ್ತು. ವರ್ಷಕ್ಕೆ ಹದಿನೈದು ದಿನದ ವೇತನ, ತಿಂಗಳನ್ನು 26 ದಿನವೆಂದು ಹಿಡಿದು. ಕೊನೆಯ ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ 52,000 ರೂಪಾಯಿ ಇದ್ದು, ಒಂದೇ ಕಂಪನಿಯಲ್ಲಿ ಹತ್ತು ವರ್ಷ ದುಡಿದವನಿಗೆ 3,00,000 ಸಿಗುತ್ತಿತ್ತು. ಅದೇ ಹತ್ತು ವರ್ಷವನ್ನು ನಾಲ್ಕು ವೆಂಡರುಗಳಡಿ ಎರಡೂವರೆ ವರ್ಷದಂತೆ ಕಳೆದವನಿಗೆ ಏನೂ ಇರಲಿಲ್ಲ. ಆದರೆ ಭವಿಷ್ಯನಿಧಿ ಹೀಗೆ ಹರಿದುಹೋಗುವುದಿಲ್ಲ. 2014ರಿಂದ ಬಂದ ಯುಎಎನ್ ಎಂಬ ಸಾರ್ವತ್ರಿಕ ಖಾತೆ ಸಂಖ್ಯೆ ನೌಕರನ ಬೆನ್ನಿಗೇ ಇರುತ್ತದೆ, ಪಿಂಚಣಿಗೆ ಬೇಕಾದ ಹತ್ತು ವರ್ಷವನ್ನು ಹಲವು ಮಾಲೀಕರ ಬಳಿ ದುಡಿದು ಕೂಡಿಸಿಕೊಳ್ಳಬಹುದು. ಅಂದರೆ ಸೇವಾವಧಿಯನ್ನು ಕೂಡಿಸಲು ತಾಂತ್ರಿಕ ಅಡ್ಡಿಯೇನೂ ಇಲ್ಲ.

2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ನಿಗದಿತ ಅವಧಿಯ ನೌಕರರಿಗೆ ಒಂದು ವರ್ಷಕ್ಕೇ ಗ್ರಾಚ್ಯುಯಿಟಿ ಕೊಟ್ಟಿವೆ. ದೊಡ್ಡ ಹೆಜ್ಜೆ. ಆದರೆ ವೆಂಡರ್ ತನ್ನ ನೌಕರನನ್ನು ಕಾಗದದಲ್ಲಿ ‘ಪರ್ಮನೆಂಟ್’ ಎಂದು ಬರೆದುಕೊಂಡು, ಇನ್‌ಕ್ರಿಮೆಂಟು ಮತ್ತು ಸಾಮಾಜಿಕ ಭದ್ರತೆ ಕೊಟ್ಟರೆ, ಅವನು ಗುತ್ತಿಗೆ ಕಾರ್ಮಿಕ ಎಂಬ ವ್ಯಾಖ್ಯೆಯಿಂದಲೇ ಹೊರಗೆ. ಅಂಥವನಿಗೆ ಒಂದು ವರ್ಷದ ಲಾಭವಿಲ್ಲ, ಐದು ವರ್ಷದ ನಿಯಮವೇ ಗತಿ. ಪ್ರಧಾನ ಚಟುವಟಿಕೆಗೆ ಗುತ್ತಿಗೆ ಕೂಡದು ಎಂಬ ನಿರ್ಬಂಧವೂ ಸಂಹಿತೆಯಲ್ಲಿದೆ. ಆ ಕೆಲಸ ವಾಡಿಕೆಯಾಗಿ ಗುತ್ತಿಗೆಯಲ್ಲೇ ನಡೆಯುವುದಾದರೆ ವಿನಾಯಿತಿಯೂ ಇದೆ. ಐಟಿಯಲ್ಲಿ ವಾಡಿಕೆ ಯಾವುದೆಂದು ಯಾರನ್ನು ಕೇಳುವುದು?

ಈ ತೊಡಕು ನಮ್ಮಲ್ಲಷ್ಟೇ ಅಲ್ಲ. ಅಮೆರಿಕದಲ್ಲಿ ಮೈಕ್ರೋಸಾಫ್ಟ್ ತನ್ನ ದೀರ್ಘಾವಧಿ ‘ತಾತ್ಕಾಲಿಕ’ ನೌಕರರ ಮೊಕದ್ದಮೆಯನ್ನು 2000ದಲ್ಲಿ 9.7 ಕೋಟಿ ಡಾಲರಿಗೆ ಬಗೆಹರಿಸಿಕೊಂಡಿತು. ಸಿಲಿಕಾನ್ ವ್ಯಾಲಿಯ ಗುತ್ತಿಗೆ ತಂತ್ರಜ್ಞರ ಬಗ್ಗೆ ಬಾರ್ಲಿ ಮತ್ತು ಕುಂಡಾ 2004ರಲ್ಲಿ ಪ್ರಕಟಿಸಿದ ಅಧ್ಯಯನ ಕಂಡುಕೊಂಡಂತೆ, ಬೇಕಾದಾಗ ಬಿಡುವು ಎಂಬ ಸ್ವಾತಂತ್ರ್ಯವನ್ನು ನಿಜಕ್ಕೂ ಬಳಸಿದವರು ಕಡಿಮೆ; ಬಿಡುವಿನ ಪ್ರತಿ ಗಂಟೆಯೂ ಅವರಿಗೆ ಕಳೆದ ಬಿಲ್ಲಾಗಿ ಕಂಡಿತ್ತು.

ಗುತ್ತಿಗೆಯನ್ನು ನಿಷೇಧಿಸಿ ಎಂದು ಕೇಳುವುದು ಈ ಉದ್ಯಮದಲ್ಲಿ ವ್ಯರ್ಥ. ಕೇಳಬೇಕಾದ್ದು ಸಣ್ಣದು, ಸಾಧ್ಯವಾದದ್ದು: ಗ್ರಾಚ್ಯುಯಿಟಿಯ ಪಾಲನ್ನು ತಿಂಗಳುತಿಂಗಳು ಭವಿಷ್ಯನಿಧಿಯ ಜೊತೆಗೇ ಯುಎಎನ್ ಖಾತೆಗೆ ಕಟ್ಟುವಂತೆ ಕೇಂದ್ರ ಸರ್ಕಾರ ಮಾಡಬೇಕು. ಐಟಿ ನೌಕರರ ಸಂಘಟನೆಗಳು ಮೊದಲು ಹಿಡಿಯಬೇಕಾದ ಬೇಡಿಕೆ ಇದು.