‘ಸರ್ವರ್ ಡೌನ್’ ಅಂದರೆ ಡೌನ್ ಆಗಿದ್ದು ಯಾವುದು?

ಪಹಣಿಗೋ ಆದಾಯ ಪ್ರಮಾಣಪತ್ರಕ್ಕೋ ಕೌಂಟರಿನ ಮುಂದೆ ನಿಂತವರಿಗೆ ಒಂದಲ್ಲ ಒಂದು ದಿನ ಸಿಗುವ ಉತ್ತರ ‘ಸರ್ವರ್ ಡೌನ್’. ಹಗರಿಬೊಮ್ಮನಹಳ್ಳಿಯಂಥ ತಾಲ್ಲೂಕಿನಲ್ಲಿ ಆ ಮಾತಿನ ಹಿಂದೆ ಕಡಿಮೆಯೆಂದರೂ ನಾಲ್ಕು ಬೇರೆ ಬೇರೆ ಸಂಗತಿಗಳಿರುತ್ತವೆ. ಕರೆಂಟ್ ಹೋಗಿ ಪಂಚಾಯ್ತಿ ಕಟ್ಟಡದ ಉಪಕರಣ ಆರಿರಬಹುದು. ರಸ್ತೆ ಅಗಲ ಮಾಡುವ ಜೆಸಿಬಿ ಫೈಬರನ್ನು ಕಿತ್ತಿರಬಹುದು. ಲೈನ್ ಸರಿಯಿದ್ದೂ ಮಧ್ಯಾಹ್ನದ ಹೊತ್ತಿಗೆ ತುಂಬಿಹೋಗಿರಬಹುದು. ಇಲ್ಲವೇ ಬೆಂಗಳೂರಿನ ಸರ್ವರೇ ನಿಜಕ್ಕೂ ಕೈಕೊಟ್ಟಿರಬಹುದು. ಮೊದಲನೆಯದಕ್ಕೆ ಲೈನ್‌ಮನ್ ಬೇಕು, ಎರಡನೆಯದಕ್ಕೆ ಫೈಬರ್ ಜೋಡಿಸುವವನು, ಮೂರನೆಯದಕ್ಕೆ ಹೆಚ್ಚಿನ ಬ್ಯಾಂಡ್‌ವಿಡ್ತ್ ಕೇಳುವ ಕಡತ. ನಾಲ್ಕನೆಯದಕ್ಕೆ ಕಾಯುವುದೊಂದೇ ದಾರಿ. ಇವುಗಳಲ್ಲಿ ಆಗಿದ್ದು ಯಾವುದೆಂದು ದಾರಿಯಲ್ಲಿರುವ ರೌಟರ್, ಸ್ವಿಚ್‌ಗಳಿಗೆ ಬಹುಮಟ್ಟಿಗೆ ಗೊತ್ತಿರುತ್ತದೆ. ಅವನ್ನು ಕೇಳುವವರು ಬೇಕಷ್ಟೆ. ಈ ಕೇಳುವ ವಿದ್ಯೆಗೆ ಈಗ ಸುಮಾರು 40 ವರ್ಷ. ಅದರ ಚರಿತ್ರೆಯನ್ನು ಪ್ರೊಟೊಕಾಲ್‌ಗಳ ಚರಿತ್ರೆಯೆಂದೇ ಬರೆಯುವುದು ರೂಢಿ. ನನಗೆ ಕಾಣುವಂತೆ ನಿಜವಾದ ಕೆಲಸ ನಡೆದದ್ದು ಪರ್ಲ್, ಪೈಥಾನ್‌ನಂಥ ಭಾಷೆಗಳಲ್ಲಿ ಬರೆದ ಪುಟ್ಟ ಸ್ಕ್ರಿಪ್ಟ್‌ಗಳಲ್ಲಿ. ಉಪಕರಣ ಕೊಡುವುದು ಬರೀ ಅಂಕಿ. ಆ ಅಂಕಿಗೆ ಅರ್ಥ ಹಚ್ಚಲು ಊರು ಗೊತ್ತಿರಬೇಕು, ಊರಿನ ತಿಳಿವಳಿಕೆಯನ್ನು ಬರೆದಿಡಲು ಜಾಗವಿರುವುದು ಸ್ಕ್ರಿಪ್ಟಿನಲ್ಲಿ.

ಶುರುವಾದದ್ದು ಅಮೆರಿಕದಲ್ಲಿ. ಗೇಟ್‌ವೇಗಳ ಮೇಲೆ ಕಣ್ಣಿಡಲು ಜೆಫ್ ಕೇಸ್ ಮತ್ತು ಮೂವರು ಸಂಗಡಿಗರು 1987ರಲ್ಲಿ ಎಸ್‌ಜಿಎಂಪಿ ಎಂಬ ಪ್ರೊಟೊಕಾಲ್ ರೂಪಿಸಿದರು. ಮರುವರ್ಷ ಅದು ಎಸ್‌ಎನ್‌ಎಂಪಿ ಆಯಿತು, 1990ರ ಆರ್‌ಎಫ್‌ಸಿ 1157ರಲ್ಲಿ ನೆಲೆಗೊಂಡಿತು. ತಮಾಷೆಯೆಂದರೆ ಇದನ್ನು ತಾತ್ಕಾಲಿಕ ಏರ್ಪಾಡೆಂದೇ ಒಪ್ಪಿಕೊಂಡಿದ್ದರು. ಓಎಸ್‌ಐ ಎಂಬ ಅಂತರರಾಷ್ಟ್ರೀಯ ಮಾನಕ ಬಳಗದ ಭಾರೀ ಪ್ರೊಟೊಕಾಲ್ ಸಿದ್ಧವಾಗುವವರೆಗೆ ಕಾಲ ತಳ್ಳಿದರೆ ಸಾಕಿತ್ತು. ಭಾರೀ ಪ್ರೊಟೊಕಾಲ್ ಇಂಟರ್ನೆಟ್ಟಿನಲ್ಲಿ ಬೇರು ಬಿಡಲೇ ಇಲ್ಲ, ತಾತ್ಕಾಲಿಕವಾದದ್ದು ಇವತ್ತಿಗೂ ಓಡುತ್ತಿದೆ. ಅದು ಉಳಿದದ್ದಕ್ಕೆ ಕಾರಣ ಅದರ ಸೋಮಾರಿತನ. ರೌಟರಿನೊಳಗಿನ ಏಜೆಂಟ್ ಏನನ್ನೂ ಯೋಚಿಸುವುದಿಲ್ಲ. ಕೇಳಿದ ವಿಳಾಸದಲ್ಲಿರುವ ಮೌಲ್ಯವನ್ನು ಯುಡಿಪಿ 161ನೇ ಪೋರ್ಟಿನಿಂದ ಕಳಿಸಿ ಸುಮ್ಮನಾಗುತ್ತದೆ. 1991ರ ಎಂಐಬಿ-2 ಪಟ್ಟಿ ಈ ವಿಳಾಸಗಳನ್ನು ಎಲ್ಲ ಕಂಪನಿಗಳಿಗೂ ಒಂದೇ ಮಾಡಿತು: 1.3.6.1.2.1.1.3 ಎಂದು ಕೇಳಿದರೆ ಚಾಲೂ ಆಗಿ ಎಷ್ಟು ಹೊತ್ತಾಯಿತು ಎಂಬುದು, 1.3.6.1.2.1.2.2.1.10 ಎಂದರೆ ಪ್ರತಿ ಪೋರ್ಟಿನಲ್ಲಿ ಒಳಬಂದ ಬೈಟ್‌ಗಳ ಒಟ್ಟು ಮೊತ್ತ. ವೇಗ ಎಷ್ಟು, ಅದು ಹೆಚ್ಚೋ ಕಡಿಮೆಯೋ, ನಿನ್ನೆ ಹೇಗಿತ್ತು ಎಂಬುದೆಲ್ಲ ಕೇಳಿದವನ ತಲೆನೋವು.

ಆ ತಲೆನೋವನ್ನು ಮೊದಲು ಹೊತ್ತುಕೊಂಡ ಭಾಷೆಗಳಲ್ಲಿ ಟಿಸಿಎಲ್ ಮತ್ತು ಪರ್ಲ್ ಮುಖ್ಯ. 1990ರ ದಶಕದ ನಡುವೆ ಟೋಬಿ ಓಟಿಕರ್ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಒಂದು ವಿಶ್ವವಿದ್ಯಾಲಯದಲ್ಲಿದ್ದರು. ಅಲ್ಲಿ ಹೊರಜಗತ್ತಿಗಿದ್ದದ್ದು 64 ಕೆಬಿಪಿಎಸ್‌ನ ಒಂದೇ ಲೈನ್. ಅದು ಎಷ್ಟು ತುಂಬಿದೆಯೆಂದು ಎಲ್ಲರಿಗೂ ಕುತೂಹಲ. 5 ನಿಮಿಷಕ್ಕೊಮ್ಮೆ ರೌಟರನ್ನು ಕೇಳಿ, ಉತ್ತರವನ್ನು ಗ್ರಾಫ್ ಮಾಡಿ ವೆಬ್ ಪುಟದಲ್ಲಿಡುವ ಪರ್ಲ್ ಸ್ಕ್ರಿಪ್ಟನ್ನು ಅವರು ಬರೆದರು. ಅದೇ ಎಂಆರ್‌ಟಿಜಿ. ಆಮೇಲೆ ಡೇವ್ ರ್‍ಯಾಂಡ್ ನಿಧಾನವಾದ ಭಾಗಗಳನ್ನು ಸಿ ಭಾಷೆಗೆ ತಂದರು. ಸೈಮನ್ ಲೈನನ್ ಪೂರ್ತಿ ಪರ್ಲ್‌ನಲ್ಲೇ ಎಸ್‌ಎನ್‌ಎಂಪಿ ಮಾತಾಡುವ ಮಾಡ್ಯೂಲ್ ಕೊಟ್ಟರು. ಹಳೆಯ ಅಂಕಿಗಳನ್ನು ಸರಾಸರಿಗಿಳಿಸಿ ಫೈಲು ಎಂದೂ ಬೆಳೆಯದಂತೆ ನೋಡಿಕೊಳ್ಳುವ ಎಂಆರ್‌ಟಿಜಿಯ ಉಪಾಯ 1999ರಲ್ಲಿ ಆರ್‌ಆರ್‌ಡಿಟೂಲ್ ಎಂಬ ಸ್ವತಂತ್ರ ಉಪಕರಣವಾಯಿತು. ಎಲ್ಲ ಬೆಳೆದದ್ದು ಸಣ್ಣ ಲೈನಿನ ಒತ್ತಡದಿಂದ ಎಂಬುದನ್ನು ಗಮನಿಸಬೇಕು. ಬ್ಯಾಂಡ್‌ವಿಡ್ತ್ ಧಾರಾಳವಾಗಿದ್ದವರಿಗೆ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.

ನಮ್ಮ ತಾಲ್ಲೂಕುಗಳ ಲೆಕ್ಕವೂ ಅಂಥದೇ. 2005ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ ರಾಜ್ಯವ್ಯಾಪಿ ಜಾಲದ ಯೋಜನೆ, ರಾಜಧಾನಿಯಿಂದ ಬ್ಲಾಕ್ ಮಟ್ಟದವರೆಗೆ ಗುರಿಯಿಟ್ಟದ್ದು ಕನಿಷ್ಠ 2 ಎಂಬಿಪಿಎಸ್. ಅಂಥ ಒಂದು ಲೈನನ್ನು 5 ನಿಮಿಷಕ್ಕೊಮ್ಮೆ, ಅಂದರೆ 300 ಸೆಕೆಂಡಿಗೊಮ್ಮೆ, ಕೇಳುವ ಸ್ಕ್ರಿಪ್ಟ್ ಏನು ಮಾಡುತ್ತದೆ ನೋಡಿ. ಬೈಟ್ ಎಣಿಸುವ ಕೌಂಟರ್ 32 ಬಿಟ್‌ನದು, 4,29,49,67,296 ತಲುಪುತ್ತಲೇ ಮತ್ತೆ ಸೊನ್ನೆಯಿಂದ ಶುರು. ಹಿಂದಿನ ಓದು 4,29,49,00,000, ಈಗಿನದು 50,00,000 ಎಂದಿಟ್ಟುಕೊಳ್ಳಿ. ಕಳೆದರೆ ಋಣ ಸಂಖ್ಯೆ ಬರುತ್ತದೆ. ಕೌಂಟರ್ ಸುತ್ತು ಮುಗಿಸಿದೆ ಎಂದು ತಿಳಿದ ಸ್ಕ್ರಿಪ್ಟ್ ಅದನ್ನು 50,67,296 ಬೈಟ್ ಎಂದು ತಿದ್ದಿಕೊಂಡು, 8ರಿಂದ ಗುಣಿಸಿ 300ರಿಂದ ಭಾಗಿಸಿ, ಸುಮಾರು 135 ಕೆಬಿಪಿಎಸ್ ಎನ್ನುತ್ತದೆ. ಉತ್ತರ ಸರಿ. ಈಗ ಇನ್ನೊಂದು: ಹಿಂದಿನ ಓದು 1,00,00,00,000, ನಡುವೆ ಕರೆಂಟ್ ಹೋಗಿ ಬಂದು ರೌಟರ್ ಮತ್ತೆ ಚಾಲೂ ಆಗಿ ಕೌಂಟರ್ ಸೊನ್ನೆಯಾಗಿದೆ, ಈಗಿನ ಓದು ಅದೇ 50,00,000. ಅದೇ ಸ್ಕ್ರಿಪ್ಟ್ ಇದನ್ನೂ ಸುತ್ತೆಂದೇ ಭಾವಿಸಿ, 2 ಎಂಬಿಪಿಎಸ್ ಲೈನಿನಲ್ಲಿ 88 ಎಂಬಿಪಿಎಸ್ ಹರಿಯಿತು ಎಂದು ವರದಿ ಕೊಡುತ್ತದೆ! ಲೆಸ್ಟರಿನಲ್ಲಿ ಅಪರೂಪಕ್ಕೆ ಕಾಣುವ ಈ ತಪ್ಪು ಬೇಸಿಗೆಯ ಕೊಟ್ಟೂರು, ಕೂಡ್ಲಿಗಿಗಳಲ್ಲಿ ನಿತ್ಯದ ಮಾತು. ಮದ್ದು ಸುಲಭ: ಬೈಟ್ ಕೇಳುವಾಗಲೇ ಚಾಲೂ ಆದ ಹೊತ್ತನ್ನೂ ಕೇಳಿ, ಅದು ಹಿಂದಿನದಕ್ಕಿಂತ ಕಡಿಮೆಯಿದ್ದರೆ ಆ ಓದನ್ನು ಬಿಟ್ಟುಬಿಡುವುದು. (ಆ ಗಡಿಯಾರವೂ 497 ದಿನಕ್ಕೊಮ್ಮೆ ಸೊನ್ನೆಗೆ ಬರುತ್ತದೆ, ಅಷ್ಟು ದಿನ ಆರದೆ ಓಡುವ ಪೆಟ್ಟಿಗೆ ನಮ್ಮ ಕಡೆ ಸಿಕ್ಕರೆ ಸಂತೋಷವೇ.) ಮುಖ್ಯವಾದದ್ದು, ಈ ವಿವೇಕ ರೌಟರಿನಲ್ಲಿಲ್ಲ. ಅದು ಸ್ಕ್ರಿಪ್ಟಿಗೆ ಬರಬೇಕಾದರೆ ಬರೆದವರಿಗೆ ಕರೆಂಟಿನ ಗುಣ ತಿಳಿದಿರಬೇಕು.

ಮುಂದಿನ ಬೆಳವಣಿಗೆಗಳನ್ನು ಬೇಗ ಹೇಳಬಹುದು. ಗಿಗಾಬಿಟ್ ಲೈನಿನಲ್ಲಿ 32 ಬಿಟ್ ಕೌಂಟರ್ 34 ಸೆಕೆಂಡಿನಲ್ಲೇ ಸುತ್ತು ಮುಗಿಸುವುದರಿಂದ 64 ಬಿಟ್ ಕೌಂಟರ್‌ಗಳು ಬಂದವು. 1990ರ ದಶಕದಲ್ಲಿ ಎಸ್‌ಎನ್‌ಎಂಪಿಯ ಎರಡನೇ ಆವೃತ್ತಿ ಒಂದೇ ಪ್ರಶ್ನೆಗೆ ಸಾಲು ಸಾಲು ಉತ್ತರ ತರಿಸುವ ಅನುಕೂಲ ಕೊಟ್ಟಿತು. ಪರ್ಲ್ ಕುಳಿತಿದ್ದ ಜಾಗಕ್ಕೆ ಮೆಲ್ಲಗೆ ಪೈಥಾನ್ ಬಂತು; ಇಲ್ಯಾ ಎಟಿಂಗೋಫ್ ಅವರ ಪೈಎಸ್‌ಎನ್‌ಎಂಪಿ ಅದರ ದೊಡ್ಡ ಊರುಗೋಲು. 2002ರಲ್ಲಿ ಇಂಟರ್ನೆಟ್ ಆರ್ಕಿಟೆಕ್ಚರ್ ಬೋರ್ಡ್ ಕರೆದ ಸಭೆಯಲ್ಲಿ ಜಾಲ ನಡೆಸುವವರು ಖಡಾಖಂಡಿತವಾಗಿಯೇ ಹೇಳಿದರು: ನಿಗಾ ಇಡಲು ಎಸ್‌ಎನ್‌ಎಂಪಿ ಆದೀತು, ಉಪಕರಣವನ್ನು ಹೊಂದಿಸಲು ಬೇಡ. ಅಲ್ಲಿಂದ ಉಪಕರಣ ಹೊಂದಿಸಲೆಂದೇ ನೆಟ್‌ಕಾನ್ಫ್ ಎಂಬ ಪ್ರೊಟೊಕಾಲ್, ಯಾಂಗ್ ಎಂಬ ಭಾಷೆ ಹುಟ್ಟಿದವು. ಆಮೇಲೆ ಬಂದದ್ದು, ಉಪಕರಣವೇ ಕ್ಷಣಕ್ಷಣಕ್ಕೂ ಅಂಕಿಗಳನ್ನು ತಳ್ಳುವ ಸ್ಟ್ರೀಮಿಂಗ್ ಟೆಲಿಮೆಟ್ರಿ.

ಇಲ್ಲಿಂದಲೇ ಮೊದಲ ಆಕ್ಷೇಪ. ಉಪಕರಣವೇ ಹೇಳುವಾಗ ಕೇಳುವ ಸ್ಕ್ರಿಪ್ಟ್ ಯಾಕೆ? ಆಕ್ಷೇಪದಲ್ಲಿ ಹುರುಳಿದೆ, ಸಾವಿರಾರು ಪೋರ್ಟುಗಳ ಡೇಟಾ ಸೆಂಟರಿನಲ್ಲಿ 5 ನಿಮಿಷದ ಸರಾಸರಿ ಎಷ್ಟೋ ಸಂಗತಿಗಳನ್ನು ಮುಚ್ಚಿಹಾಕುತ್ತದೆ. ತಳ್ಳುವ ಪದ್ಧತಿ ಹಳ್ಳಿಗೆ ಒಗ್ಗದು ಎಂದೂ ಅಲ್ಲ. 1988ರಲ್ಲಿ ಬರಗಾಲ ನಿಗಾ ಘಟಕವಾಗಿ ಶುರುವಾದ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಪಂಚಾಯ್ತಿ ಮಟ್ಟದಿಂದ 15 ನಿಮಿಷದ ಲೆಕ್ಕವನ್ನು ಮೊಬೈಲ್ ಜಾಲದ ಮೂಲಕ ತಾವಾಗಿಯೇ ಕಳಿಸುತ್ತವೆ, ಮತ್ತು ಆ ಕೆಲಸಕ್ಕೆ ಅದು ತಕ್ಕ ವಿಧಾನ. ಆದರೆ ಮಳೆಮಾಪಕ ಹೇಳಬೇಕಾದದ್ದು ಒಂದೇ ಮಾತು. ರೌಟರ್ ಮಾತು ನಿಲ್ಲಿಸಿದಾಗ ಮಾತ್ರ ಮುಂದಿನ ಪ್ರಶ್ನೆಗಳು ಏಳುತ್ತವೆ: ಅದರ ಪಕ್ಕದ್ದು ಉತ್ತರಿಸುತ್ತಿದೆಯೇ, ಆಚೆ ತುದಿಯ ಪೋರ್ಟ್ ಏನೆನ್ನುತ್ತದೆ? ಉತ್ತರ ಬರಲಿಲ್ಲವೆಂದು ಸಾಲಾಗಿ ಬೇರೆಯವರನ್ನು ವಿಚಾರಿಸುವ ಕೆಲಸ ಕೇಳುವವನಿಂದ ಮಾತ್ರ ಆಗುತ್ತದೆ. ಜೊತೆಗೆ, ನಮ್ಮ ಕಡೆಯ ಕಚೇರಿಗಳಂಥಲ್ಲಿ ಉಳಿದಿರುವ ಹಳೆಯ ಸ್ವಿಚ್‌ಗಳಿಗೆ ಟೆಲಿಮೆಟ್ರಿ ಬರುವುದಿಲ್ಲ, ಎಸ್‌ಎನ್‌ಎಂಪಿ ಬರುತ್ತದೆ.

ಭದ್ರತೆಯ ಆಕ್ಷೇಪ ಇನ್ನೂ ಗಟ್ಟಿ. ಎಸ್‌ಎನ್‌ಎಂಪಿಯ ಮೊದಲೆರಡು ಆವೃತ್ತಿಗಳಲ್ಲಿ ಗುಪ್ತಪದ ಲೈನಿನ ಮೇಲೆ ಬೆತ್ತಲೆಯಾಗಿ ಹೋಗುತ್ತದೆ, ಅದೂ ಬಹಳ ಕಡೆ ಕಾರ್ಖಾನೆಯಿಂದ ಬಂದ ‘ಪಬ್ಲಿಕ್’ ಎಂಬ ಪದವೇ. 2002ರಲ್ಲಿ ಫಿನ್ಲೆಂಡಿನ ಔಲು ವಿಶ್ವವಿದ್ಯಾಲಯದವರು ಹತ್ತಾರು ಕಂಪನಿಗಳ ಉಪಕರಣಗಳು ವಕ್ರವಾದ ಎಸ್‌ಎನ್‌ಎಂಪಿ ಪ್ಯಾಕೆಟ್ಟಿಗೆ ಕುಸಿಯುತ್ತವೆಂದು ತೋರಿಸಿದಾಗ ಎಲ್ಲರಿಗೂ ಎಚ್ಚರವಾಯಿತು. ಅದೇ ವರ್ಷದ ಕೊನೆಗೆ ಗುರುತು ಪರೀಕ್ಷೆ, ಗೂಢಲಿಪಿ ಎರಡೂ ಇರುವ ಮೂರನೇ ಆವೃತ್ತಿ ಪೂರ್ಣ ಮಾನಕವಾಯಿತು. ಅದನ್ನೇ ಬಳಸುವುದು, ಓದುವ ಅನುಮತಿಯಷ್ಟೇ ಕೊಡುವುದು, ಒಂದೇ ಕಂಪ್ಯೂಟರಿನ ಪ್ರಶ್ನೆಗೆ ಉತ್ತರಿಸುವಂತೆ ಕಟ್ಟುವುದು — ಇಷ್ಟು ಮಾಡದವರು ಕೇಳುವ ಗೋಜಿಗೇ ಹೋಗದಿರುವುದು ಲೇಸು ಎಂಬುದನ್ನು ಒಪ್ಪುತ್ತೇನೆ.

ಪಂಚಾಯ್ತಿಗಳಿಗೆ ಫೈಬರ್ ಎಳೆಯುವ ಭಾರತ್‌ನೆಟ್ ಬಂದ ಮೇಲೆ ಪ್ರಶ್ನೆಗಳ ಸ್ವರೂಪವೇ ಬದಲಾಯಿತು. 2011ರಲ್ಲಿ ಒಪ್ಪಿಗೆ ಪಡೆದ ಈ ಯೋಜನೆಯ ಮೊದಲ ಹಂತದಲ್ಲಿ ಬ್ಲಾಕ್ ಕೇಂದ್ರದ ಬಿಎಸ್‌ಎನ್‌ಎಲ್ ಎಕ್ಸ್‌ಚೇಂಜಿನಲ್ಲಿ ಓಎಲ್‌ಟಿ ಎಂಬ ತಲೆಪೆಟ್ಟಿಗೆ, ಪಂಚಾಯ್ತಿಯಲ್ಲಿ ಓಎನ್‌ಟಿ ಎಂಬ ತುದಿಪೆಟ್ಟಿಗೆ. ನಡುವೆ ಕರೆಂಟ್ ಬೇಡದ ಫೈಬರ್. ಜಿಪಾನ್ ಎಂಬ ಈ ತಂತ್ರದಲ್ಲಿ ಒಂದು ಸೊಗಸಿದೆ. ಕರೆಂಟ್ ಹೋಗಿ ಆರುವ ಓಎನ್‌ಟಿ, ಒಳಗೆ ಉಳಿದ ಕೊನೆಯ ಹನಿ ವಿದ್ಯುತ್ತಿನಲ್ಲಿ ‘ನಾನು ಆರುತ್ತಿದ್ದೇನೆ’ ಎಂಬ ಸಂಕೇತವನ್ನು ಓಎಲ್‌ಟಿಗೆ ಕಳಿಸಬಲ್ಲದು. ಫೈಬರ್ ಕತ್ತರಿಸಿದರೆ ಆ ಸಂಕೇತ ಬರುವುದಿಲ್ಲ, ಬೆಳಕು ಥಟ್ಟನೆ ನಿಲ್ಲುತ್ತದೆ. ಹಾಗಾಗಿ ಲೈನ್‌ಮನ್ ಬೇಕೋ ಫೈಬರ್ ಜೋಡಿಸುವವನು ಬೇಕೋ ಎಂಬುದನ್ನು ಓಎಲ್‌ಟಿಯನ್ನು ಕೇಳಿದರೆ ಹೇಳುತ್ತದೆ. ಹಂಪಸಾಗರ, ತಂಬ್ರಹಳ್ಳಿಗಳ ಕಡೆ ಯಾವ ಪಂಚಾಯ್ತಿಗಳು ಜೆಸ್ಕಾಂನ ಒಂದೇ ಫೀಡರಿನಲ್ಲಿವೆ ಎಂಬ ನಾಲ್ಕು ಸಾಲಿನ ಪಟ್ಟಿಯನ್ನು ಸ್ಕ್ರಿಪ್ಟಿಗೆ ಕೊಟ್ಟರೆ, ಆರಿದ ಆರು ಓಎನ್‌ಟಿಗಳ ಆರು ದೂರುಗಳು ಒಂದೇ ದೂರಾಗುತ್ತವೆ. 2023ರಲ್ಲಿ ಒಪ್ಪಿದ ತಿದ್ದುಪಡಿ ಯೋಜನೆ ಸಾಲುಜಾಲವನ್ನು ಉಂಗುರಜಾಲವಾಗಿಸುತ್ತದೆ. ಒಂದು ಕಡೆ ಕತ್ತರಿಸಿದರೂ ಸಂಪರ್ಕ ಇನ್ನೊಂದು ಕಡೆಯಿಂದ ನಡೆಯುತ್ತದೆ. ಆಗ ನಿಗಾದ ಅಗತ್ಯ ಕಡಿಮೆಯಾಗುತ್ತದೆ ಎಂದು ಕೆಲವರ ಎಣಿಕೆ. ಆಗುವುದು ಉಲ್ಟಾ. ಸಾಲಿನಲ್ಲಿ ಕಡಿತವಾದರೆ ಜನರೇ ಬಂದು ಕೂಗುತ್ತಾರೆ. ಉಂಗುರದಲ್ಲಿ ಮೊದಲ ಕಡಿತ ಯಾರ ಗಮನಕ್ಕೂ ಬಾರದು, ಎರಡನೆಯದು ಬಿದ್ದ ದಿನ ನಡುವಿನ ಊರುಗಳೆಲ್ಲ ಒಟ್ಟಿಗೆ ಕತ್ತಲಾಗುತ್ತವೆ. ಆ ಮೊದಲ ಕಡಿತ ತಿಳಿಯುವುದು ಪೋರ್ಟಿನ ಸ್ಥಿತಿಯನ್ನು ಯಾರೋ ಕೇಳುತ್ತಿದ್ದರೆ ಮಾತ್ರ: ಉತ್ತರ 1 ಬಂದರೆ ಚಾಲೂ, 2 ಬಂದರೆ ಬಂದ್.

ಇಷ್ಟಕ್ಕೂ ದೊಡ್ಡ ಜಾಲಗಳಿಗೆ ಕೇಂದ್ರದಲ್ಲೇ ದೊಡ್ಡ ನಿಗಾ ತಂತ್ರಾಂಶಗಳಿರುವಾಗ, ಬರೆದವನು ವರ್ಗವಾದ ದಿನ ಅನಾಥವಾಗುವ ಸ್ಕ್ರಿಪ್ಟ್ ಬೇಕೇ ಎಂದು ಕೇಳುವವರಿದ್ದಾರೆ. ಅನಾಥವಾಗುವುದು ನಿಜ, ಅದಕ್ಕೇ ಊರು, ಫೀಡರ್, ಪೋರ್ಟುಗಳ ಪಟ್ಟಿ ಕೋಡಿನೊಳಗೆ ಹೂತಿರದೆ ಯಾರು ಬೇಕಾದರೂ ತಿದ್ದಬಹುದಾದ ಪ್ರತ್ಯೇಕ ಫೈಲಿನಲ್ಲಿರಬೇಕು. ಆದರೆ ಕೇಂದ್ರದ ತಂತ್ರಾಂಶ ತಾನೇ ಉಪಕರಣ ಎಲ್ಲಿದೆಯೆಂದು ಹೇಗೆ ತಿಳಿಯುತ್ತದೆ? 1.3.6.1.2.1.1.6 ಎಂಬ ವಿಳಾಸದಲ್ಲಿ, ಯಾವ ಕಾಲದಲ್ಲೋ ಯಾರೋ ಕೈಯಾರೆ ಟೈಪ್ ಮಾಡಿಟ್ಟ ಸ್ಥಳದ ಹೆಸರಿನಿಂದ. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿತು, 2018ರ ಸುಮಾರಿಗೆ ಬಳ್ಳಾರಿಗೆ ಮರಳಿತು, 2021ರಲ್ಲಿ ಹಗರಿಬೊಮ್ಮನಹಳ್ಳಿ, ಹಡಗಲಿಗಳ ಜೊತೆ ವಿಜಯನಗರದ್ದಾಯಿತು. ಈ ಓಡಾಟ ಯಾವ ರೌಟರಿಗೂ ತಾನಾಗಿ ತಿಳಿಯುವುದಿಲ್ಲ. ಬರೆಯುವ ಅನುಮತಿಯನ್ನು ಭದ್ರತೆಗಾಗಿ ಮುಚ್ಚಿರುವುದರಿಂದ ಎಸ್‌ಎನ್‌ಎಂಪಿಯಿಂದ ಅದನ್ನು ತಿದ್ದಲೂ ಬಾರದು. ಒಂದೊಂದಕ್ಕೂ ಲಾಗಿನ್ ಆಗಿ ತಿದ್ದಬೇಕು. ಇಲ್ಲವೇ ಹಳೆಯ ಜಿಲ್ಲೆಯ ಹೆಸರಿಗೆ ಹೊಸದನ್ನು ಹೊಂದಿಸುವ ಎರಡು ಸಾಲು ಸ್ಕ್ರಿಪ್ಟಿನಲ್ಲಿರಬೇಕು.